ಕಾಮಿ ರೀಟಾ ಶೆರ್ಪಾ ಮತ್ತು ನಮ್ಮ ಕೊನೆಗೌಡರು

2025ರ ಮೇ ತಿಂಗಳ ಕೊನೆಯ ವಾರದ ಮಾತು. ಆ ವರ್ಷ ಮುಂಗಾರು ಎಂಟು ದಿನ ಮೊದಲೇ, ಮೇ 24ಕ್ಕೇ, ಕೇರಳಕ್ಕೆ ಬಂದಿತ್ತು. ಅದರ ಬೆನ್ನಿಗೇ ನಮ್ಮ ಶಿರಸಿಯ ಕಡೆಗೂ ಮಳೆ ಹಿಡಿದುಕೊಂಡಿತು. ಅಡಿಕೆ ತೋಟ ಇಟ್ಟುಕೊಂಡವರಿಗೆ ಇದು ಎಂಥ ಗಡಿಬಿಡಿಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಮೊದಲ ಮದ್ದನ್ನು ಮಳೆ ಬಲವಾಗುವ ಮುನ್ನವೇ ಮರದ ತುದಿಯ ಒಂದೊಂದು ಗೊಂಚಲಿಗೂ ತಲುಪಿಸಬೇಕು. ಮದ್ದಿಗೆ ಬೇಕಾದ ಮೈಲುತುತ್ತು, ಸುಣ್ಣ ಎಲ್ಲವನ್ನೂ ತಂದಿಟ್ಟುಕೊಂಡಿದ್ದರೂ ಮರ ಹತ್ತುವವರು ಸಿಗದಿದ್ದರೆ ಅವು ಮೂಲೆಯಲ್ಲಿಯೇ ಉಳಿಯುತ್ತವೆ. ನಮ್ಮ ತೋಟದ ಮರ ಹತ್ತಲು ಮೂವತ್ತನಾಲ್ಕು ವರ್ಷಗಳಿಂದ ಬರುತ್ತಿರುವ ಕೊನೆಗೌಡರು ಅಂದು ಬೆಳಿಗ್ಗೆಯೇ ಬಂದು, ಆಸರಿಗೆ ಮುಗಿಸಿ, ಮಳೆ ಬಿಡುವುದನ್ನು ಕಾಯುತ್ತ ಜಗುಲಿಯ ತುದಿಯಲ್ಲಿ ಕವಳ ಹಾಕಿ ಕುಳಿತಿದ್ದರು. ನಾನು ಪತ್ರಿಕೆಯಲ್ಲಿ ಕಂಡ ಒಂದು ಸಣ್ಣ ಸುದ್ದಿಯನ್ನು ಅವರಿಗೆ ಓದಿ ಹೇಳಿದೆ. ನೇಪಾಳದ ಕಾಮಿ ರೀಟಾ ಶೆರ್ಪಾ ಎಂಬವರು, ತಮ್ಮ 55ನೆಯ ವಯಸ್ಸಿನಲ್ಲಿ, ಭಾರತೀಯ ಸೇನೆಯ ತಂಡವೊಂದಕ್ಕೆ ದಾರಿ ತೋರಿಸುತ್ತ ಮೇ 27ರಂದು 31ನೆಯ ಬಾರಿ ಎವರೆಸ್ಟ್ ಶಿಖರವನ್ನು ಏರಿದ್ದರು. ಜಗತ್ತಿನಲ್ಲಿ ಬೇರೆ ಯಾರೂ ಅಷ್ಟು ಸಲ ಅಲ್ಲಿಗೆ ಹೋಗಿ ಬಂದಿರಲಿಲ್ಲ.

ಗೌಡರು ಕೊಂಚ ಹೊತ್ತು ಸುಮ್ಮನಿದ್ದು ಕೇಳಿದರು: "ಹೆಗಡೇರೆ, ಒಂದ್ಸಲ ಹತ್ತಿದ್ರೆ ಅವ್ರಿಗೆ ಎಷ್ಟು ಕೊಡ್ತಾರೆ?" ನಾನು ಉತ್ತರ ಹುಡುಕುತ್ತಿರುವಾಗಲೇ ಇನ್ನೊಂದು ಪ್ರಶ್ನೆ ಬಂತು: "ಅಷ್ಟು ಮೇಲೆ ಹಗ್ಗ ಕಟ್ಟೋರು ಯಾರು?"

ಪರ್ವತಾರೋಹಣದ ಬಗ್ಗೆ ನಾನು ಕಾಲೇಜಿನ ದಿನಗಳಿಂದ ಆಸೆಯಿಂದ ಓದುತ್ತ ಬಂದವನು. ಶಿಖರದ ಎತ್ತರ, ತಾಪಮಾನ, ಯಾರು ಯಾವ ಮಾರ್ಗದಿಂದ ಹೋದರು, ಯಾರು ಆಮ್ಲಜನಕದ ಸಿಲಿಂಡರ್ ಬಳಸಲಿಲ್ಲ ಎಂಬುದೆಲ್ಲ ನನಗೆ ಬಾಯಿಗೆ ಬರುತ್ತಿತ್ತು. ಆದರೆ ಈ ಎರಡು ಪ್ರಶ್ನೆಗಳನ್ನು ನಾನು ಎಂದೂ ಮೊದಲಿಗೆ ಕೇಳಿಕೊಂಡಿರಲಿಲ್ಲ. ಎತ್ತರಕ್ಕೆ ಏರುವುದೇ ಕಸುಬಾದ ಮನುಷ್ಯನಿಗೆ, ಅದೇ ಕಸುಬಿನ ಇನ್ನೊಬ್ಬನ ಸುದ್ದಿ ಕೇಳಿದಾಗ, ತಟ್ಟನೆ ಹೊಳೆದದ್ದು ಕೂಲಿ ಮತ್ತು ಹಗ್ಗ. ಆ ದಿನದ ನಂತರ ಕಾಮಿ ರೀಟಾ ಅವರ ಬದುಕಿನ ಬಗ್ಗೆ ನನಗೆ ತಿಳಿದಿದ್ದ ಎಲ್ಲವನ್ನೂ ಈ ಎರಡು ಪ್ರಶ್ನೆಗಳ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕಾಯಿತು. ನೋಡಿದ ಮೇಲೆ ಅವರ ಮೇಲಿನ ಗೌರವ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕಾಮಿ ರೀಟಾ ಹುಟ್ಟಿದ್ದು 1970ರಲ್ಲಿ, ನೇಪಾಳದಲ್ಲಿ ಎವರೆಸ್ಟ್‌ನ ತಪ್ಪಲಿನ ಖುಂಬು ಸೀಮೆಯ ಥಾಮೆ ಎಂಬ ಹಳ್ಳಿಯಲ್ಲಿ. ಅದು ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ನಮ್ಮ ಶಿರಸಿ ಆರುನೂರು ಮೀಟರ್‌ಗೂ ಒಂದಿಷ್ಟು ಕೆಳಗೇ ಇದೆ ಎಂದರೆ ಅಂತರ ಊಹಿಸಬಹುದು. ಶೆರ್ಪಾ ಎಂದರೆ ಪೂರ್ವದ ಕಡೆಯ ಜನ ಎಂದರ್ಥ. ಟಿಬೆಟ್‌ನ ಪೂರ್ವ ಭಾಗದಿಂದ ಸುಮಾರು ಐನೂರು ವರ್ಷಗಳ ಹಿಂದೆ ಕಣಿವೆ ದಾಟಿ ಬಂದು ನೆಲೆಸಿದವರು ಅವರು. ಶಿಖರ ಏರುವುದು ಅವರ ಪರಂಪರೆಯ ಕೆಲಸವಾಗಿರಲಿಲ್ಲ. ಆ ಶಿಖರಗಳನ್ನು ಅವರು ದೇವರೆಂದು ಕೆಳಗಿನಿಂದಲೇ ಕೈಮುಗಿಯುತ್ತಿದ್ದರು. ಆಲೂಗಡ್ಡೆ ಬೆಳೆಯುವುದು, ಯಾಕ್ ಸಾಕುವುದು, ಥಾಮೆಯ ಮೇಲಿನಿಂದ ಹಾದು ಹೋಗುವ 5,700 ಮೀಟರ್ ಎತ್ತರದ ನಾಂಗ್ಪಾ ಲಾ ಕಣಿವೆಯನ್ನು ದಾಟಿ ಟಿಬೆಟ್‌ಗೆ ಧಾನ್ಯ ಒಯ್ದು ಉಪ್ಪು, ಉಣ್ಣೆ ತರುವುದು, ಇವು ಅವರ ಜೀವನದ ಆಧಾರಗಳಾಗಿದ್ದವು. ಟಿಬೆಟ್ ಚೀನಾದ ಹಿಡಿತಕ್ಕೆ ಹೋದ ಮೇಲೆ, 1959ರ ನಂತರ, ಆ ವ್ಯಾಪಾರ ಸೊರಗಿತು. ಅಷ್ಟರಲ್ಲಿ ನೇಪಾಳ ವಿದೇಶೀಯರಿಗೆ ಬಾಗಿಲು ತೆರೆದಿತ್ತು, 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಶಿಖರದ ಮೇಲೆ ನಿಂತಿದ್ದರು, ಪರ್ವತಾರೋಹಿಗಳ ತಂಡಗಳಿಗೆ ಹೊರೆ ಹೊರುವವರು ಬೇಕಾಗಿದ್ದರು. ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿ ತೆರೆಯಿತು. ಅದು ನೇರ ಮೇಲಕ್ಕೆ ಹೋಗುವ ದಾರಿಯಾಗಿತ್ತು. ಕಾಮಿ ರೀಟಾ ಅವರ ತಂದೆ ಆ ದಾರಿಯಲ್ಲಿ ಹೋದ ಮೊದಲ ತಲೆಮಾರಿನ ಮಾರ್ಗದರ್ಶಕರಲ್ಲಿ ಒಬ್ಬರು. ಅಣ್ಣ ಲಾಕ್ಪಾ ರೀಟಾ 17 ಬಾರಿ ಎವರೆಸ್ಟ್ ಏರಿದವರು.

ಥಾಮೆ ಎಂಬ ಆ ಒಂದು ಪುಟ್ಟ ಊರಿನ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ತೇನ್‌ಸಿಂಗ್ ಬಾಲ್ಯ ಕಳೆದದ್ದು ಅಲ್ಲಿ. 1983ರಿಂದ 1996ರ ಅವಧಿಯಲ್ಲಿ ಹತ್ತು ಸಲ, ಅದೂ ಕೃತಕ ಆಮ್ಲಜನಕವಿಲ್ಲದೆ, ಎವರೆಸ್ಟ್ ಏರಿದ ಆಂಗ್ ರೀಟಾ ಶೆರ್ಪಾ ಆ ಸೀಮೆಯವರು. 1987ರ ಡಿಸೆಂಬರ್ 22ರಂದು, ನಡುಚಳಿಗಾಲದಲ್ಲಿ, ಸಿಲಿಂಡರ್ ಇಲ್ಲದೆಯೇ ಅವರು ಶಿಖರ ಮುಟ್ಟಿದ್ದರು. ಶಿಖರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಾರವಾರದ ಕಡಲ ದಂಡೆಯಲ್ಲಿ ಸಿಗುವುದರ ಮೂರನೆಯ ಒಂದು ಪಾಲು ಮಾತ್ರ ಎಂಬುದನ್ನು ನೆನೆದರೆ, ಆ ದಿನದ ಅವರ ಪ್ರತಿ ಹೆಜ್ಜೆಯೂ ನನಗೆ ನಂಬಲಾಗದ ಸಂಗತಿಯಾಗಿ ಕಾಣುತ್ತದೆ. 21 ಬಾರಿ ಏರಿ ಬಹುಕಾಲ ದಾಖಲೆ ಇಟ್ಟುಕೊಂಡಿದ್ದ ಆಪಾ ಶೆರ್ಪಾ ಕೂಡ ಥಾಮೆಯವರೇ. ಹನ್ನೆರಡನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು ಹೊರೆ ಹೊರಲು ಹೋದ ಹುಡುಗ, ಓದಿ ವೈದ್ಯನಾಗಬೇಕೆಂದಿದ್ದವರು. ಒಂದೇ ಊರಿನಿಂದ ಇಷ್ಟು ಜನ ಬಂದರೆಂದರೆ ಅದಕ್ಕೆ ರಕ್ತದ ಗುಣವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಶೆರ್ಪಾಗಳ ದೇಹ ತೆಳುಗಾಳಿಗೆ ತಲೆಮಾರುಗಳಿಂದ ಒಗ್ಗಿಕೊಂಡಿದೆ, ಅದು ನಿಜ. ಆದರೆ ಆ ಊರಿನಲ್ಲಿ ಬೆಳೆದ ಹುಡುಗನೆದುರು ಬೇರೆ ಯಾವ ಕೆಲಸವಿತ್ತು ಎಂಬ ಪ್ರಶ್ನೆಯನ್ನೂ ಅದರ ಪಕ್ಕದಲ್ಲೇ ಇಡಬೇಕು.

ಕಾಮಿ ರೀಟಾ 1992ರಲ್ಲಿ ಒಂದು ಎವರೆಸ್ಟ್ ತಂಡದ ಸಹಾಯಕ ಕೆಲಸಗಾರನಾಗಿ ಸೇರಿದರು. ಎರಡು ವರ್ಷಗಳ ನಂತರ, 1994ರ ಮೇ ತಿಂಗಳಲ್ಲಿ, 24ರ ಹರೆಯದಲ್ಲಿ ಮೊದಲ ಸಲ ಶಿಖರ ಮುಟ್ಟಿದರು. ಅಲ್ಲಿಂದ ಮುಂದಿನದು ವರ್ಷ ವರ್ಷವೂ ಅದೇ ಹಾದಿ. ಕೆ2, ಲೋತ್ಸೆ, ಚೋ ಓಯು, ಮನಾಸ್ಲು ಶಿಖರಗಳನ್ನೂ ಅವರು ಏರಿದ್ದಾರೆ. 2018ರಲ್ಲಿ 22ನೆಯ ಆರೋಹಣದೊಂದಿಗೆ ಆಪಾ ಶೆರ್ಪಾ ಮತ್ತು ಫುರ್ಬಾ ತಾಶಿ ಇಬ್ಬರ 21ರ ದಾಖಲೆಯನ್ನು ದಾಟಿದರು. 2019ರಲ್ಲಿ ಮೇ 15ಕ್ಕೆ ಒಮ್ಮೆ, ಮೇ 21ಕ್ಕೆ ಇನ್ನೊಮ್ಮೆ, ಒಂದೇ ವಾರದಲ್ಲಿ ಎರಡು ಸಲ ಏರಿದರು. 2023ರಲ್ಲಿಯೂ ಎರಡು, 2024ರಲ್ಲಿಯೂ ಎರಡು. 2023ರ ಮೇ ತಿಂಗಳಿನಲ್ಲಂತೂ ಪಾಸಾಂಗ್ ದಾವಾ ಶೆರ್ಪಾ ಎಂಬ ಇನ್ನೊಬ್ಬ ಮಾರ್ಗದರ್ಶಕರು ಎರಡು ಸಲ ಅವರ ಸಂಖ್ಯೆಯನ್ನು ಮುಟ್ಟಿದರು, ಎರಡು ಸಲವೂ ಕಾಮಿ ರೀಟಾ ಕೆಲವೇ ದಿನಗಳಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಪತ್ರಿಕೆಗಳು ಇದನ್ನು ಓಟದ ಪಂದ್ಯದಂತೆ ಬರೆದವು. ನನಗೆ ಕಂಡದ್ದು ಇಬ್ಬರು ಅನುಭವಿ ಕೆಲಸಗಾರರು, ಒಂದೇ ಹಂಗಾಮಿನಲ್ಲಿ, ತಮ್ಮ ತಮ್ಮ ತಂಡಗಳನ್ನು ಕರೆದುಕೊಂಡು ಒಂದೇ ದಾರಿಯಲ್ಲಿ ಹೋಗಿ ಬರುತ್ತಿದ್ದ ಚಿತ್ರ. ದಾಖಲೆಗಾಗಿ ತಾನು ಏರುತ್ತಿಲ್ಲ, ಇದು ತನ್ನ ಕೆಲಸ ಎಂದು ಕಾಮಿ ರೀಟಾ ಹಲವು ಸಲ ಹೇಳಿದ್ದಾರೆ. ಸಾಧಕರು ವಿನಯದಿಂದ ಆಡುವ ಮಾತು ಎಂದುಕೊಂಡು ನಾವು ಅದನ್ನು ದಾಟಿ ಹೋಗುತ್ತೇವೆ. ಅದನ್ನು ಅಕ್ಷರಶಃ ನಿಜವೆಂದು ಓದಬೇಕು ಎನ್ನುವುದು ನನ್ನ ಅಭಿಪ್ರಾಯ.

ಗೌಡರ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಎವರೆಸ್ಟ್‌ನ ನೇಪಾಳದ ಮಗ್ಗುಲಲ್ಲಿ ಆರೋಹಿಗಳ ತಳಶಿಬಿರವಾದ ಬೇಸ್ ಕ್ಯಾಂಪ್ ಇರುವುದು 5,364 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟ ಕೂಡಲೇ ಎದುರಾಗುವುದು ಖುಂಬು ಹಿಮಪ್ರಪಾತ. ಹಿಮನದಿಯೊಂದು ಕಡಿದಾದ ಇಳಿಜಾರಿನಲ್ಲಿ ಒಡೆದು ಮನೆಯಷ್ಟು ದೊಡ್ಡ ಗಡ್ಡೆಗಳಾಗಿ, ನಡುವೆ ಆಳವಾದ ಬಿರುಕುಗಳನ್ನು ಇಟ್ಟುಕೊಂಡು, ದಿನಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಕೆಳಗೆ ಸರಿಯುತ್ತಿರುತ್ತದೆ. ಪ್ರತಿ ವರ್ಷ ಹಂಗಾಮು ಶುರುವಾಗುವ ಮೊದಲೇ ಒಂದು ಸಣ್ಣ ತಂಡ ಅದರ ನಡುವೆ ಅಲ್ಯೂಮಿನಿಯಂ ಏಣಿಗಳನ್ನು ಹಾಸಿ ಹಗ್ಗ ಕಟ್ಟಿ ದಾರಿ ಮಾಡುತ್ತದೆ. ಅವರಿಗೆ ಐಸ್‌ಫಾಲ್ ಡಾಕ್ಟರ್‌ಗಳು ಎಂದು ಹೆಸರು. ಎರಡನೆಯ ಕ್ಯಾಂಪಿನಿಂದ ಮೇಲಕ್ಕೆ, ಲೋತ್ಸೆಯ ನೀಲಿ ಮಂಜಿನ ಗೋಡೆಯ ಮೇಲೆ, ಅಲ್ಲಿಂದ ಸುಮಾರು 7,900 ಮೀಟರ್ ಎತ್ತರದ, ಎರಡು ಶಿಖರಗಳ ನಡುವಿನ ಸೌತ್ ಕೋಲ್ ಎಂಬ ತಗ್ಗನ್ನು ದಾಟಿ 8,849 ಮೀಟರ್‌ನ ಶಿಖರದವರೆಗೂ ಹಗ್ಗ ಕಟ್ಟುವವರು ಶೆರ್ಪಾಗಳ ಇನ್ನೊಂದು ತಂಡ. ಆ ತಂಡ ಶಿಖರ ಮುಟ್ಟುವ ತನಕ ಹಣ ಕೊಟ್ಟು ಬಂದ ಆರೋಹಿಗಳು ಕೆಳಗೆ ಕಾಯುತ್ತಾರೆ. 2022ರ ಮೇ 7ರಂದು ಕಾಮಿ ರೀಟಾ 26ನೆಯ ಸಲ ಶಿಖರದ ಮೇಲೆ ನಿಂತದ್ದು ಹಗ್ಗ ಕಟ್ಟುವ ತಂಡದ ಮುಂದಾಳಾಗಿ. ಅಂದರೆ ಆ ವರ್ಷ ಅವರ ಮುಂದೆ ಬೇರೆ ಯಾರ ಹಗ್ಗವೂ ಇರಲಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಅರ್ಧ ಹೇಳಿದಂತೆ. ವರ್ಷದ ಬಹುಪಾಲು ಎವರೆಸ್ಟ್‌ನ ನೆತ್ತಿಯ ಮೇಲೆ ಜೆಟ್ ಪ್ರವಾಹವೆಂಬ ಬಿರುಗಾಳಿ ಬೀಸುತ್ತಿರುತ್ತದೆ. ಅಲ್ಲಿ ಮನುಷ್ಯ ನಿಲ್ಲಲಾಗದು. ಮೇ ತಿಂಗಳಲ್ಲಿ, ದಕ್ಷಿಣದಿಂದ ಮುಂಗಾರು ಮೇಲೇರುತ್ತ ಬರುವಾಗ, ಆ ಗಾಳಿ ಉತ್ತರಕ್ಕೆ ಸರಿಯುತ್ತದೆ. ಗಾಳಿ ಸರಿದು ಮಳೆಯ ಮೋಡ ಹಿಮಾಲಯವನ್ನು ಮುಟ್ಟುವುದರೊಳಗೆ ಸಿಗುವ ಕೆಲವು ದಿನಗಳಲ್ಲಿ ಎಲ್ಲರೂ ಏರಿ ಇಳಿಯಬೇಕು. ಇದನ್ನು ಓದಿದಾಗ ನಾನು ಎದ್ದು ಅಂಗಳಕ್ಕೆ ಬಂದು ಆಕಾಶ ನೋಡಿದ್ದೆ. ನಮ್ಮ ತೋಟದ ಕೊನೆಗೌಡರನ್ನು ಮೇ ಕೊನೆಯ ವಾರದಲ್ಲಿ ಅವಸರಪಡಿಸುವ ಅದೇ ಮುಂಗಾರು, ಅದೇ ವಾರದಲ್ಲಿ, ಎರಡು ಸಾವಿರ ಕಿಲೋಮೀಟರ್‌ಗಳಾಚೆ ಥಾಮೆಯ ಗೈಡ್ ಒಬ್ಬರನ್ನೂ ಅವಸರಪಡಿಸುತ್ತಿತ್ತು.

ಕೊನೆಗೌಡರೆಂದರೆ ಯಾರೆಂದು ಘಟ್ಟದ ಆಚೆಯ ಓದುಗರಿಗಾಗಿ ಹೇಳುತ್ತೇನೆ. ಅಡಿಕೆ ಗೊಂಚಲಿಗೆ ನಮ್ಮಲ್ಲಿ ಕೊನೆ ಎನ್ನುತ್ತಾರೆ. ಮರ ಹತ್ತಿ ಕೊನೆ ಕೊಯ್ಯುವ, ಮಳೆಗಾಲದಲ್ಲಿ ಮದ್ದು ಹೊಡೆಯುವ ಕುಶಲಿಗನೇ ಕೊನೆಗೌಡ. ತೊಡೆಯಷ್ಟೂ ದಪ್ಪವಿಲ್ಲದ, ಐವತ್ತು ಅರವತ್ತು ಅಡಿ ಎತ್ತರದ ಮರವನ್ನು ಪಾದಗಳಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಹತ್ತಿ, ತುದಿಯಲ್ಲಿ ಪುಟ್ಟ ಮಣೆಯ ಮೇಲೆ ಕೂತು ಕೆಲಸ ಮುಗಿಸಿ, ಕೆಳಗಿಳಿಯದೆ ಮರವನ್ನೇ ತೂಗಿ ಪಕ್ಕದ ಮರವನ್ನು ಕೈಗೆಳೆದುಕೊಂಡು ಅದಕ್ಕೆ ದಾಟುತ್ತಾರೆ. ಹೀಗೆ ನೆಲ ಮುಟ್ಟದೆ ಹತ್ತಾರು ಮರ. ಕೊಯ್ಲಿನ ಹೊತ್ತಿನಲ್ಲಿ ಕೆಳಗೊಬ್ಬರು ಹಗ್ಗವನ್ನು ಓರೆಯಾಗಿ ಬಿಗಿಹಿಡಿದು ನಿಂತಿರುತ್ತಾರೆ, ಕೊನೆಗಳು ಅದರ ಮೇಲೆ ಜಾರಿ ಬರುತ್ತವೆ. ಚಳಿಗಾಲದ ಒಣ ಮರದ ಮೇಲೆ ಇದನ್ನು ನೋಡುವುದೇ ಒಂದು ಚೆಂದ. ಮಳೆಯಲ್ಲಿ ಹಾಗಲ್ಲ. ಪಾಚಿಗಟ್ಟಿ ಜಾರುವ ಮರ, ಗಾಳಿ, ಮೈಮೇಲೆ ಸುರಿಯುವ ನೀಲಿ ದ್ರಾವಣ, ಒಂದು ಕೈಯಲ್ಲಿ ಪಂಪಿನ ಕೊಳವೆ. ನಮ್ಮ ಗೌಡರು ಪ್ರತಿ ಹಂಗಾಮಿನಲ್ಲಿ ಮೊದಲ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತುತ್ತಾರೆ. ಬೇಸ್ ಕ್ಯಾಂಪಿನಲ್ಲಿ ಶೆರ್ಪಾಗಳು ಕಲ್ಲಿನ ಗೋಪುರ ಕಟ್ಟಿ, ಧೂಪ ಹಾಕಿ, ಪರ್ವತ ದೇವತೆಯ ಅಪ್ಪಣೆ ಕೇಳದೆ ಮೇಲಕ್ಕೆ ಹೋಗುವುದಿಲ್ಲ ಎಂಬುದನ್ನು ಓದಿದ್ದ ನನಗೆ ಅದು ಹೊಸದೆನಿಸಲಿಲ್ಲ.

ಅಡಿಕೆ ಮರವನ್ನೂ ಎವರೆಸ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ನನಗಿಲ್ಲ. ತೆಳುಗಾಳಿಯಲ್ಲಿ, ಮೈನಸ್ ಮೂವತ್ತು ಡಿಗ್ರಿಯಲ್ಲಿ, ಇನ್ನೊಬ್ಬರ ಜೀವದ ಹೊಣೆ ಹೊತ್ತು ನಡೆಯುವುದು ಬೇರೆಯೇ ಲೋಕದ ಕೆಲಸ. ನಾನು ನೋಡುತ್ತಿರುವುದು ಲೆಕ್ಕವನ್ನು. ಕಾಮಿ ರೀಟಾ ಅವರ 31 ನಮಗೆ ತಿಳಿದಿರುವುದು ಯಾರೋ ಅದನ್ನು ಬರೆದಿಟ್ಟದ್ದರಿಂದ. 1960ರಿಂದ ಕಠ್ಮಂಡುವಿನಲ್ಲಿ ನೆಲೆಸಿದ್ದ ಅಮೆರಿಕದ ಪತ್ರಕರ್ತೆ ಎಲಿಜಬೆತ್ ಹಾಲಿ, ತಾವು ಒಂದು ಶಿಖರವನ್ನೂ ಏರದೆ, ನೇಪಾಳಕ್ಕೆ ಬಂದ ತಂಡಗಳವರನ್ನು ಹೋಟೆಲಿಗೇ ಹುಡುಕಿಕೊಂಡು ಹೋಗಿ ಪ್ರಶ್ನೆ ಕೇಳಿ, ಯಾರು ಎಲ್ಲಿಯವರೆಗೆ ಹೋದರು, ಯಾರು ಹಿಂತಿರುಗಿದರು, ಯಾರು ಬರಲಿಲ್ಲ ಎಂದು ಅರ್ಧ ಶತಮಾನ ದಾಖಲಿಸಿದರು. 2018ರ ಜನವರಿಯಲ್ಲಿ 94ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹಿಮಾಲಯನ್ ಡೇಟಾಬೇಸ್ ಎಂಬ ಅವರ ಲೆಕ್ಕ ಇಂದಿಗೂ ಮುಂದುವರಿದಿದೆ. ಶೆರ್ಪಾಗಳ ಹೆಸರುಗಳು ಹೊರೆಯಾಳುಗಳ ಗುಂಪಿನಲ್ಲಿ ಕರಗಿ ಹೋಗದೆ ಉಳಿದದ್ದರಲ್ಲಿ ಆ ಮಹಿಳೆಯ ಪಾಲು ದೊಡ್ಡದು. ಆ ಲೆಕ್ಕವನ್ನು ನಾನು ಈಗ ಹಾಜರಿ ಪುಸ್ತಕದಂತೆ ಓದುತ್ತೇನೆ. 31 ಎಂದರೆ 31 ಸಲ ಕೆಲಸಕ್ಕೆ ಬಂದ ಮನುಷ್ಯ. ಶಿಖರ ಏರಲಾಗದ ವರ್ಷಗಳೂ ಅದರಲ್ಲಿ ಕಾಣುತ್ತವೆ: 2014, 2015, ಕೊರೊನಾದ 2020.

ಅಪ್ಪಯ್ಯನ ಕಾಲದ ಖರ್ಚಿನ ಪುಸ್ತಕಗಳು ನಮ್ಮ ಅಟ್ಟದಲ್ಲಿವೆ. ಗೌಡರು ನಮ್ಮ ತೋಟದಲ್ಲಿ ಎಷ್ಟು ದಿನ ಮರ ಹತ್ತಿದ್ದಾರೆಂದು ಎಣಿಸೋಣವೆಂದು ಆ ಮಳೆಗಾಲದಲ್ಲಿ ಅವನ್ನು ಕೆಳಗಿಳಿಸಿದೆ. ಕೆಲವನ್ನು ಗೆದ್ದಲು ತಿಂದಿತ್ತು. ಉಳಿದವುಗಳಲ್ಲಿ "ಕೊನೆ ಕೊಯ್ಲು, ಆಳು 3", "ಮದ್ದು, ಆಳು 2" ಎಂದಷ್ಟೇ ಇತ್ತು; ಹೆಸರಿರಲಿಲ್ಲ, ಮರಗಳ ಎಣಿಕೆಯಂತೂ ಇರಲೇ ಇಲ್ಲ. ಹುಡುಕುತ್ತ 1996ರ ಶ್ರಾವಣದ ಪುಟಕ್ಕೆ ಬಂದೆ. ಆ ತಿಂಗಳು ಎರಡನೆಯ ಮದ್ದು ಹೊಡೆಯುವಾಗ ಗೌಡರ ಅಣ್ಣ ನಮ್ಮ ತೋಟದ ಕೆಳಗಿನ ಭಾಗದಲ್ಲಿ ಮರದಿಂದ ಬಿದ್ದು ತೀರಿಕೊಂಡಿದ್ದರು. ನನಗಾಗ ಹತ್ತೊಂಬತ್ತು ವರ್ಷ. ಅಂಗಳಕ್ಕೆ ಅವರನ್ನು ಹೊತ್ತು ತಂದದ್ದು ಈಗಲೂ ಕಣ್ಣ ಮುಂದಿದೆ. ಪುಸ್ತಕದಲ್ಲಿ, ಸುಣ್ಣದ ಚೀಲದ ಬಾಬ್ತಿನ ಕೆಳಗೆ, ಅಪ್ಪಯ್ಯನ ದುಂಡಗಿನ ಅಕ್ಷರದಲ್ಲಿ "ಗೌಡನ ಅಣ್ಣನ ಖರ್ಚಿಗೆ" ಎಂಬ ಒಂದು ಸಾಲು, ಅದರ ಎದುರು ಒಂದು ಮೊತ್ತ. ಎರಡು ಚೀಲ ಅಕ್ಕಿಯನ್ನೂ ಕಳಿಸಿದ್ದು ನೆನಪಿದೆ. ಅಪ್ಪಯ್ಯ ಕಠಿಣ ಮನಸ್ಸಿನವರಾಗಿರಲಿಲ್ಲ. ಊರಿನ ರೂಢಿಗಿಂತ ಹೆಚ್ಚೇ ಕೊಟ್ಟಿದ್ದೇವೆ ಎಂದು ಅವರು ನಂಬಿದ್ದರು, ನಾನೂ ನಂಬಿದ್ದೆ. ಹದಿನೈದು ದಿನ ಕಳೆದ ಮೇಲೆ ಗೌಡರು ಬಂದು, ಅಣ್ಣ ಅರ್ಧಕ್ಕೆ ಬಿಟ್ಟಿದ್ದ ಮರಗಳಿಗೆ ಮದ್ದು ಹೊಡೆದು ಮುಗಿಸಿದರು. ಆ ಮೊತ್ತವನ್ನು ನಾನು ಇಲ್ಲಿ ಬರೆಯಲಾರೆ. ಒಂದು ಮನೆಯ ದುಡಿಯುವ ಕೈಗೆ ಅದು ಎಷ್ಟು ಸಣ್ಣದಾಗಿತ್ತು ಎಂಬುದು ನನಗೆ ಗೊತ್ತಾಗಲು ಸುಮಾರು ಮೂವತ್ತು ವರ್ಷ ಬೇಕಾಯಿತು.

2014ರ ಏಪ್ರಿಲ್ 18ರ ಬೆಳಿಗ್ಗೆ ಖುಂಬು ಹಿಮಪ್ರಪಾತದ ಮೇಲೆ ಪಕ್ಕದ ಬೆಟ್ಟದ ಹೆಗಲಿನಿಂದ ದೊಡ್ಡ ಹಿಮದ ತುಂಡೊಂದು ಕಳಚಿ ಬಿತ್ತು. ಮೇಲಿನ ಕ್ಯಾಂಪುಗಳಿಗೆ ಸಾಮಾನು ಹೊತ್ತು ಹೊರಟಿದ್ದ 16 ಮಂದಿ ನೇಪಾಳಿ ಕೆಲಸಗಾರರು, ಅವರಲ್ಲಿ ಹೆಚ್ಚಿನವರು ಶೆರ್ಪಾಗಳು, ಸತ್ತರು. ಮೂವರ ದೇಹಗಳು ಸಿಗಲೇ ಇಲ್ಲ. ಅಂತ್ಯಕ್ರಿಯೆಯ ಖರ್ಚಿಗೆಂದು ಅಲ್ಲಿನ ಸರ್ಕಾರ ಮೊದಲು ಘೋಷಿಸಿದ್ದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಆಗ ಶೆರ್ಪಾಗಳು ಸಿಟ್ಟಿಗೆದ್ದರು. ಆ ವರ್ಷ ಇನ್ನು ಹತ್ತುವುದಿಲ್ಲವೆಂದು ನಿಂತರು. ನೇಪಾಳದ ಮಗ್ಗುಲಿನ ಹಂಗಾಮು ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ, 2015ರ ಏಪ್ರಿಲ್ 25ರ ಭೂಕಂಪದಲ್ಲಿ, ಹಿಮಕುಸಿತ ನೇರವಾಗಿ ಬೇಸ್ ಕ್ಯಾಂಪಿನ ಮೇಲೆಯೇ ಬಂದು ಕನಿಷ್ಠ 18 ಜನರ ಪ್ರಾಣ ತೆಗೆಯಿತು. ಕಾಮಿ ರೀಟಾ ಆಗ ಅಲ್ಲಿದ್ದರು. ಈ ಕೆಲಸ ಬಿಟ್ಟುಬಿಡಬೇಕೆಂದು ಮನೆಯವರು ಬಲವಾಗಿ ಹಿಡಿದರೂ ಕೊನೆಗೆ ಅವರು ಪರ್ವತಕ್ಕೆ ಮರಳಿದರು. ಎವರೆಸ್ಟ್‌ನ ಮೊದಲ ಸಾವುಗಳೆಂದು ದಾಖಲಾಗಿರುವುದು 1922ರ ಹಿಮಕುಸಿತದಲ್ಲಿ ಸತ್ತ ಏಳು ಮಂದಿ ಹೊರೆಯಾಳುಗಳದ್ದು. ಅಂದಿನಿಂದ ಇಂದಿನವರೆಗೆ ಸತ್ತ 330ಕ್ಕೂ ಹೆಚ್ಚು ಜನರಲ್ಲಿ ಸುಮಾರು ಮೂರನೆಯ ಒಂದು ಪಾಲು ಹೀಗೆ ಕೆಲಸಕ್ಕೆ ಹೋದವರೇ. ಹಣ ಕೊಟ್ಟು ಬಂದ ಆರೋಹಿ ಆ ಹಿಮಪ್ರಪಾತವನ್ನು ಕೆಲವೇ ಸಲ ದಾಟುತ್ತಾನೆ. ಅವನ ಡೇರೆ, ಹಗ್ಗ, ಊಟ, ಸಿಲಿಂಡರ್ ಹೊರುವವನು ಅದೇ ಹಂಗಾಮಿನಲ್ಲಿ ಅದರ ಎಷ್ಟೋ ಪಟ್ಟು ಸಲ ದಾಟುತ್ತಾನೆ. 31 ಎಂಬ ಸಂಖ್ಯೆಯ ಕೆಳಗೆ ಇಂಥ ನೂರಾರು ದಾಟುವಿಕೆಗಳಿವೆ. ಅವನ್ನು ಯಾವ ದಾಖಲೆಯ ಪುಸ್ತಕವೂ ಎಣಿಸುವುದಿಲ್ಲ.

ಕಾಮಿ ರೀಟಾ ತಮ್ಮ ಮಗನಿಗೆ ಎವರೆಸ್ಟನ್ನು ದೂರದಿಂದ ತೋರಿಸಿ, ಇದನ್ನು ನೋಡಿದರೆ ಸಾಕು, ಹತ್ತುವುದು ಬೇಡ ಎಂದದ್ದಾಗಿ ಹೇಳಿಕೊಂಡಿದ್ದಾರೆ. ಶೆರ್ಪಾ ಕುಟುಂಬಗಳು ಕಠ್ಮಂಡುವಿಗೂ ವಿದೇಶಗಳಿಗೂ ಹೋಗುತ್ತಿವೆ. ಆಪಾ ಶೆರ್ಪಾ ಮಕ್ಕಳ ಓದಿಗಾಗಿ 2006ರಲ್ಲಿಯೇ ಅಮೆರಿಕದ ಯೂಟಾ ರಾಜ್ಯಕ್ಕೆ ಹೋಗಿ ನೆಲೆಸಿದರು. ಹಳೆಯ ಊರೂ ಹಿಂದಿನಂತೆ ಗಟ್ಟಿಯಾಗಿ ಉಳಿದಿಲ್ಲ. 1985ರಲ್ಲಿ ಥಾಮೆಯ ಮೇಲಿನ ಹಿಮಸರೋವರವೊಂದು ಒಡೆದಾಗ ಆಪಾ ಅವರ ಜಮೀನು ಕೊಚ್ಚಿಹೋಗಿತ್ತು. 2024ರ ಆಗಸ್ಟ್ 16ರಂದು ಮತ್ತೆ ಅಂಥದೇ ಪ್ರವಾಹ ಬಂದು ಥಾಮೆಯ ಮನೆಗಳನ್ನೂ ಶಾಲೆಯನ್ನೂ ಆರೋಗ್ಯ ಕೇಂದ್ರವನ್ನೂ ನೆಲಸಮ ಮಾಡಿತು. ಹಗಲು ಹೊತ್ತಾದದ್ದರಿಂದ ಪ್ರಾಣಹಾನಿಯಾಗಲಿಲ್ಲ. ಆ ಸುದ್ದಿಯನ್ನು ಓದಿದ ದಿನ ನನಗೆ ತಾರೀಖು ಮರೆಯಲಾಗಲಿಲ್ಲ, ಏಕೆಂದರೆ ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಜುಲೈ 16ರಂದು, ನಮ್ಮ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಬದಿಯ ಚಹಾದಂಗಡಿಯನ್ನೂ ನಿಂತಿದ್ದ ಲಾರಿಗಳನ್ನೂ ಗಂಗಾವಳಿಯ ಕಡೆಗೆ ತಳ್ಳಿತ್ತು. ಅಂದಿನಿಂದ ಘಟ್ಟ ಇಳಿದು ಅಂಕೋಲೆಗೆ ಹೋಗುವಾಗಲೆಲ್ಲ ಆ ಬೆತ್ತಲೆ ಗುಡ್ಡವನ್ನು ಕಂಡರೆ ಥಾಮೆಯ ನೆನಪೂ ಬರುತ್ತದೆ.

ನಮ್ಮ ಗೌಡರ ಮಗ ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನಿಗೆ ಮರ ಹತ್ತುವುದನ್ನು ಗೌಡರು ಕಲಿಸಲೇ ಇಲ್ಲ. ಸೀಮೆಯಲ್ಲಿ ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಮರದ ತುದಿ ಮುಟ್ಟುವಷ್ಟು ಉದ್ದದ ಹಗುರ ಕೋಲು, ಬಂದಿದೆ. ನೆಲದ ಮೇಲೆ ನಿಂತೇ ಕೊಯ್ಯಬಹುದು, ಮದ್ದು ಹೊಡೆಯಬಹುದು. ಅದು ಬಂದದ್ದಕ್ಕೆ ನನಗೆ ನಿಜವಾಗಿ ಸಂತೋಷವಿದೆ, 1996ರ ಶ್ರಾವಣದ ಪುಟವನ್ನು ಕಂಡವನಿಗೆ ಬೇರೆ ಭಾವನೆ ಬರಲಾರದು. ಆದರೂ ಗೌಡರು ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಆ ಕ್ಷಣವನ್ನು, ಎರಡೂ ಮರಗಳು ಅವರ ಎರಡು ಕೈಗಳಲ್ಲಿ ಬಿಲ್ಲಿನಂತೆ ಬಾಗಿರುವ ಆ ಒಂದು ಕ್ಷಣವನ್ನು, ಮುಂದೆ ಯಾರೂ ನೋಡುವುದಿಲ್ಲವಲ್ಲ ಎಂದು ಎದೆ ಭಾರವಾಗುವುದನ್ನು ನಾನು ಮುಚ್ಚಿಡಲಾರೆ. ಎವರೆಸ್ಟ್‌ನಲ್ಲಿಯೂ ಈಗ ಡ್ರೋನುಗಳು ಏಣಿ, ಹಗ್ಗ, ಸಿಲಿಂಡರುಗಳನ್ನು ಹಿಮಪ್ರಪಾತದ ಮೇಲಿಂದ ಹಾರಿಸಿ ಒಯ್ಯತೊಡಗಿವೆ. ಅದರಿಂದ ಎಷ್ಟು ಜನ ಆ ಹಾದಿಯಲ್ಲಿ ಹೊರೆ ಹೊರುವುದು ತಪ್ಪುತ್ತದೋ ಅಷ್ಟೂ ಒಳ್ಳೆಯದೇ.

ಗೌಡರಿಗೆ ಕೂಲಿಯ ಲೆಕ್ಕವನ್ನು ನಾನು ಹೇಳಿದ್ದು ಆ ವರ್ಷದ ಕೊಯ್ಲಿನ ಹೊತ್ತಿಗೆ, ಮಾರ್ಗಶಿರದ ಒಂದು ಮಧ್ಯಾಹ್ನ. ವಿದೇಶಿ ಆರೋಹಿಯೊಬ್ಬರು ನಲವತ್ತು ಸಾವಿರ ಡಾಲರ್, ಅದಕ್ಕಿಂತ ಹೆಚ್ಚೂ ಕೊಟ್ಟು ಬರುತ್ತಾರೆ. ಸರ್ಕಾರದ ಪರವಾನಗಿಗೇ ಹನ್ನೊಂದು ಸಾವಿರ ಇದ್ದದ್ದು ಆ ವರ್ಷದ ಸೆಪ್ಟೆಂಬರ್‌ನಿಂದ ಹದಿನೈದು ಸಾವಿರವಾಗಿತ್ತು. ಅನುಭವಿ ಶೆರ್ಪಾ ಗೈಡ್ ಒಬ್ಬರಿಗೆ ಎರಡು ತಿಂಗಳ ಹಂಗಾಮಿಗೆ ಐದರಿಂದ ಹತ್ತು ಸಾವಿರ ಡಾಲರ್ ಸುತ್ತಮುತ್ತ ಸಿಗುತ್ತದೆ. ನೇಪಾಳದಲ್ಲಿ ಅದು ಸಾಮಾನ್ಯ ಮನುಷ್ಯನ ವರ್ಷದ ಗಳಿಕೆಯ ಹಲವು ಪಟ್ಟು. ರೂಪಾಯಿಗೆ ತಿರುಗಿಸಿ ಹೇಳಿದಾಗ ಗೌಡರು ತಲೆಯಾಡಿಸಿದರು. "ಹಾಗಾದ್ರೆ ಅಡ್ಡಿಲ್ಲ," ಎಂದರು. ಬಳಿಕ, "ಜೀವಕ್ಕೆ ಹೆಚ್ಚಲ್ಲ," ಎಂದೂ ಸೇರಿಸಿದರು. ಹಗ್ಗ ಕಟ್ಟುವವರ ಬಗ್ಗೆಯೂ ವಿವರವಾಗಿ ಹೇಳಿದೆ; ಏಣಿಗಳು, ನೀಲಿ ಮಂಜಿನ ಗೋಡೆ, ಎಲ್ಲರಿಗಿಂತ ಮೊದಲು ಹೋಗುವ ತಂಡ, 2022ರಲ್ಲಿ ಅದರ ಮುಂದಾಳಾಗಿದ್ದ ಕಾಮಿ ರೀಟಾ. ಗೌಡರು ಕವಳ ಅಗಿಯುವುದನ್ನು ನಿಲ್ಲಿಸಿ ಕೇಳಿದರು.

"ಇಳಿವಾಗ ಹಗ್ಗ ಬಿಚ್ಚಿಕೊಂಡು ಬರೋರು ಯಾರು?"

ಬಹಳಷ್ಟು ಹಗ್ಗ ಅಲ್ಲಿಯೇ ಉಳಿದುಹೋಗುತ್ತದೆ, ಮಂಜಿನೊಳಗೆ ಹೂತು ಹೋದ ಹಳೆಯ ವರ್ಷಗಳ ಹಗ್ಗದ ಪಕ್ಕದಲ್ಲಿಯೇ ಹೊಸದನ್ನು ಕಟ್ಟುತ್ತಾರೆ, ಇತ್ತೀಚಿನ ವರ್ಷಗಳಲ್ಲಿ ನೇಪಾಳದ ಸೈನ್ಯ ಮತ್ತು ಶೆರ್ಪಾಗಳು ಸೇರಿ ಕಸವನ್ನು ಕೆಳಗೆ ತರುವ ಕೆಲಸ ಶುರುಮಾಡಿದ್ದಾರೆ ಎಂದು ನಾನು ಹೇಳಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ನಂತರ ಎದ್ದು, ಅಂಗಳದಲ್ಲಿ ಒಣಹಾಕಿದ್ದ ತಮ್ಮ ಹಗ್ಗವನ್ನು ಮೊಣಕೈಗೂ ಹೆಬ್ಬೆರಳಿಗೂ ನಡುವೆ ಸುತ್ತಿ, ಎಲ್ಲಿಯಾದರೂ ಎಳೆ ಬಿಟ್ಟಿದೆಯೋ ಎಂದು ಬೆರಳಿನಿಂದ ಸವರಿ ನೋಡಿ, ಕೊಟ್ಟಿಗೆಯ ಗೋಡೆಯ ಗೂಟಕ್ಕೆ ತೂಗುಹಾಕಿದರು. ಕೆಳಗಿನ ಭಾಗದಲ್ಲಿ ಇನ್ನೂ ಕೆಲವು ಮರಗಳ ಕೊಯ್ಲು ಬಾಕಿಯಿತ್ತು. ನಾಳೆ ಇಬ್ಬನಿ ಆರಿದ ಮೇಲೆ ಬರುತ್ತೇನೆ ಎಂದು ಹೇಳಿ ಹೊರಟರು.